ಸಹಾಯ ಬೇಕು: ಕ್ರೂಸ್ ಹಡಗಿನ ಕ್ಯಾಸಿನೊದಲ್ಲಿ ಹೆಚ್ಚುವರಿ ಶುಲ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಕಾರವಾರ, ಅಂಕೋಲಾ ಕಡೆಯವರು ಹಲವರು ಪ್ರವಾಸಿ ಹಡಗುಗಳಲ್ಲಿ ದುಡಿಯುತ್ತಿದ್ದೀರಿ. ಅದಕ್ಕಾಗಿಯೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮಾವ, ಅತ್ತೆ ಬರುವ ತಿಂಗಳು ಅಮೆರಿಕದಲ್ಲಿರುವ ಮೈದುನನ ಜೊತೆ ಮಯಾಮಿಯಿಂದ ಕ್ರೂಸ್‌ಗೆ ಹೊರಡಲಿದ್ದಾರೆ. ಮಾವನವರಿಗೆ ಕ್ಯಾಸಿನೊದಲ್ಲಿ ಒಂದಿಷ್ಟು ಆಡುವ ಆಸೆ. (ಅತ್ತೆಯವರಿಗೆ ಸುತರಾಂ ಇಷ್ಟವಿಲ್ಲ, ಆ ಮಾತು ಬೇರೆ.) ಕೋಣೆಯ ಕಾರ್ಡನ್ನೇ ಸ್ಲಾಟ್ ಯಂತ್ರಕ್ಕೆ ಹಾಕಿ ಆಟದ ಹಣ ಪಡೆಯಬಹುದು, ಅದು ಕೊನೆಯ ಬಿಲ್‌ಗೆ ಸೇರುತ್ತದೆ. ಆದರೆ ಹಾಗೆ ಪಡೆದ ಮೊತ್ತದ ಮೇಲೆ ಕೆಲವು ಕಂಪನಿಗಳು ಶೇ 3ರಿಂದ 5ರಷ್ಟು ಶುಲ್ಕ ಹಾಕುತ್ತವೆ. ಶೇ 5 ಎಂದರೆ, 500 ಡಾಲರ್‌ಗೆ 25 ಡಾಲರ್ ಆಟ ಶುರುವಾಗುವ ಮೊದಲೇ ಹೋಯಿತು! ಪಿಂಚಣಿಯ ದುಡ್ಡು ಹೀಗೆ ಸೋರುವುದನ್ನು ನೋಡಲು ನನಗೆ ಮನಸ್ಸಿಲ್ಲ. ಇಲ್ಲಿನ ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆಯೋಣವೆಂದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ.

ಹಡಗಿನಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಡಾಲರ್ ನೋಟುಗಳನ್ನೇ ಒಯ್ದು ಕ್ಯಾಸಿನೊ ಕೌಂಟರ್‌ನಲ್ಲಿ ಕೊಟ್ಟರೆ ಶುಲ್ಕ ಪೂರ್ತಿ ತಪ್ಪುತ್ತದೆಯೇ? ಯಂತ್ರಗಳು ನೇರವಾಗಿ ನೋಟು ತೆಗೆದುಕೊಳ್ಳುತ್ತವೆಯೇ? ಕೋಣೆಯ ಕಾರ್ಡ್‌ನಲ್ಲಿ ಪಡೆದು ಆಡದೆ ಉಳಿದ ಹಣವನ್ನು ಮರಳಿಸಿದರೆ ಶುಲ್ಕವೂ ವಾಪಸ್ ಬರುತ್ತದೆಯೇ? ಕೋಣೆಯ ಖಾತೆಯಿಂದ ಕ್ಯಾಸಿನೊಗೆ ದಿನದ ಮಿತಿ ಹಾಕಿಸಲು ಸಾಧ್ಯವಿದ್ದರೆ ಅದನ್ನೂ ಹೇಳಿ, ಅತ್ತೆಯವರಿಗೆ ಅದೇ ದೊಡ್ಡ ಸಮಾಧಾನ.