ಎರಡು ಲೆನ್ಸ್‌ಗಳ ಕಿಟ್ ಕೊಳ್ಳಬೇಕೇ, ಅಥವಾ ಬಾಡಿಯೊಂದಿಗೆ ಬೇರೆ ಲೆನ್ಸ್ ಆರಿಸಿಕೊಳ್ಳಬೇಕೇ? ಯಕ್ಷಗಾನ, ಹಕ್ಕಿ ಮತ್ತು ಮನೆಯ ಸಮಾರಂಭಗಳಿಗಾಗಿ

ಹೊಳೆಬದಿಯವ:

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯ ಪ್ರೌಢಶಾಲಾ ಅಧ್ಯಾಪಕ. ಇಲ್ಲಿಯವರೆಗೆ ಮೊಬೈಲಿನಲ್ಲಿಯೇ ಚಿತ್ರ ತೆಗೆಯುತ್ತಿದ್ದೆ. ಈ ವರ್ಷ ಮೇಳಗಳ ತಿರುಗಾಟ ಆರಂಭವಾಗುವ ಮೊದಲೇ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಬೇಕೆಂದು ನಿಶ್ಚಯಿಸಿದ್ದೇನೆ. ಸಾಕಷ್ಟು ಓದಿ, ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದ ಮೇಲೆ, 2024ರ ನವೆಂಬರ್‌ನಲ್ಲಿ ಬಂದ ನಿಕಾನ್ ಝಡ್50ರ ಎರಡನೆಯ ಮಾದರಿ ನನಗೆ ಹೊಂದುತ್ತದೆ ಎನಿಸಿದೆ. ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಬರಿಯ ಕ್ಯಾಮೆರಾದ, ವಿಷಯದಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಅದರೊಂದಿಗೆ ಏನನ್ನು ಕೊಳ್ಳಬೇಕು ಎಂಬುದರಲ್ಲಿ.

ಅಂಗಡಿಯವರು ಬರಿಯ ಬಾಡಿ, 16-50 ಎಂಎಂ (ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ) ಲೆನ್ಸ್ ಇರುವ ಕಿಟ್, 16-50 ಮತ್ತು 50-250 ಎರಡೂ ಇರುವ ಕಿಟ್, ಹಾಗೂ 18-140 ಲೆನ್ಸ್ ಇರುವ ಕಿಟ್ ಹೀಗೆ ನಾಲ್ಕು ಬಗೆಯನ್ನು ತೋರಿಸಿದರು. ಎರಡು ಲೆನ್ಸ್‌ಗಳ ಕಿಟ್ ಕೊಂಡರೆ ಎರಡನೆಯ ಲೆನ್ಸ್ ಬಹಳ ಅಗ್ಗಕ್ಕೆ ಬಂದಂತಾಗುತ್ತದೆ, ಆಮೇಲೆ ಬಿಡಿಯಾಗಿ ಕೊಳ್ಳಹೋದರೆ ಆ ಬೆಲೆಗೆ ಸಿಗುವುದಿಲ್ಲ ಎಂಬುದು ಅವರ ಮಾತು. ಲೆಕ್ಕ ಹಾಕಿ ನೋಡಿದರೆ ಅದು ನಿಜವೇ.

ನನ್ನ ಮುಖ್ಯ ಉದ್ದೇಶ ಯಕ್ಷಗಾನ. ಬಡಗುತಿಟ್ಟಿನ (ಉತ್ತರದ ಶೈಲಿಯ) ಆಟಗಳನ್ನು ರಾತ್ರಿ ಸಭೆಯ ಮುಂದಿನ ಸಾಲಿನಿಂದ, ಕಲಾವಿದರು ಒಪ್ಪಿದರೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಹೊತ್ತಿನಲ್ಲಿಯೂ ತೆಗೆಯಬೇಕೆಂದಿದ್ದೇನೆ. ಫ್ಲ್ಯಾಶ್ ಬಳಸುವುದಿಲ್ಲ. ಎರಡನೆಯದು, ಮನೆಯ ಹಿಂದಿನ ಹೊಳೆಗೆ ಬರುವ ಹಕ್ಕಿಗಳು. ಇದು ನನಗಿಂತ ಹೆಚ್ಚಾಗಿ ನನ್ನ ಪತ್ನಿಯ ಆಸಕ್ತಿ. ಮೂರನೆಯದು, ವರ್ಷದಲ್ಲಿ ಬರುವ ಉಪನಯನ, ಗೃಹಪ್ರವೇಶಗಳು. ಹಣ ಮಿತಿಯಲ್ಲಿದೆ. ಎರಡು ಲೆನ್ಸ್‌ಗಳ ಕಿಟ್ ತೆಗೆದುಕೊಂಡರೆ ಈ ಮೂರಕ್ಕೂ ಸಾಕಾಗುತ್ತದೆಯೇ ಎಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಚೌಕಿಮನೆ:

ಹೊಳೆಬದಿಯವರೇ, ನಿಮ್ಮ ಪಟ್ಟಿಯಲ್ಲಿ ಯಕ್ಷಗಾನ ಮೊದಲು ಬಂದಿದೆಯಾದ್ದರಿಂದ ನಾನೂ ಅಲ್ಲಿಂದಲೇ ಹೇಳುತ್ತೇನೆ. ಕಿಟ್‌ನಲ್ಲಿ ಬರುವ ಎರಡು ಲೆನ್ಸ್‌ಗಳಲ್ಲಿ ಯಾವುದೂ ರಾತ್ರಿಯ ಆಟಕ್ಕೆ ಸಾಲುವುದಿಲ್ಲ. ಅವು ಕಳಪೆಯೆಂದು ಹೀಗೆ ಹೇಳುತ್ತಿಲ್ಲ, ಹಗಲಿನಲ್ಲಿ ಎರಡೂ ಅಚ್ಚುಕಟ್ಟಾಗಿ ಕೆಲಸ ಮಾಡುತ್ತವೆ. ಆದರೆ 16-50 ಲೆನ್ಸನ್ನು 50ರ ತುದಿಗೆ ತಂದಾಗಲೂ, 50-250 ಲೆನ್ಸನ್ನು 250ರ ತುದಿಗೆ ತಂದಾಗಲೂ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ರಂಗಸ್ಥಳದ ಬೆಳಕಿಗೆ ಅದು ತೀರ ಕಿರಿದಾದ ಕಿಂಡಿ.

ಇದರ ಪರಿಣಾಮವನ್ನು ಅಂಕಿಯಲ್ಲಿಯೇ ನೋಡಿ. ವೇಷಧಾರಿ ಪ್ರವೇಶ ಮಾಡಿ ಗಿರ್ಕಿ ಹೊಡೆಯುವಾಗ ಕೈಯೂ ಮುಖವೂ ಕದಡದಂತೆ ನಿಲ್ಲಬೇಕಾದರೆ ಶಟರ್ ವೇಗ ಸೆಕೆಂಡಿನ 1/320 ಭಾಗವಾದರೂ ಇರಬೇಕು. ಎಫ್/6.3ರಲ್ಲಿ ಆ ವೇಗಕ್ಕೆ ಸೆನ್ಸರಿನ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ 12800 ಬೇಕಾಗುವಂಥ ಬೆಳಕಿದೆ ಎಂದುಕೊಳ್ಳಿ. ಅದೇ ಬೆಳಕಿನಲ್ಲಿ, ಅದೇ ವೇಗದಲ್ಲಿ ಎಫ್/2 ಲೆನ್ಸ್ ಇದ್ದರೆ ಐಎಸ್‌ಒ ಸುಮಾರು 1250 ಸಾಕು, ಎಫ್/1.4 ಇದ್ದರೆ 640 ಸಾಕು. ಅಂದರೆ ಎಫ್/2 ಹತ್ತು ಪಟ್ಟು, ಎಫ್/1.4 ಇಪ್ಪತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಮುಖವರ್ಣಿಕೆಯ ಸಣ್ಣ ಗೆರೆಗಳು, ಕಣ್ಣಿನಂಚಿನ ಕಾಡಿಗೆ, ಮುಂಡಾಸಿನ ಜರಿಯ ಪಟ್ಟಿ ಇವೆಲ್ಲ 12800ರಲ್ಲಿ ಕಾಳುಕಾಳಾಗಿ ಒಂದರೊಳಗೊಂದು ಕರಗಿಹೋಗುತ್ತವೆ. 1250ರಲ್ಲಿ ಬಿಡಿಬಿಡಿಯಾಗಿ ಉಳಿಯುತ್ತವೆ.

ಕಿಟ್ ಲೆನ್ಸ್‌ಗಳಲ್ಲಿ ಕಂಪನವನ್ನು ತಡೆಯುವ ವಿಆರ್ ವ್ಯವಸ್ಥೆ ಇದೆಯಲ್ಲ, ಅದರಿಂದ ಕತ್ತಲೆಯಲ್ಲಿಯೂ ತೆಗೆಯಬಹುದಲ್ಲ ಎಂದು ಅಂಗಡಿಯಲ್ಲಿ ಖಂಡಿತ ಹೇಳುತ್ತಾರೆ. ವಿಆರ್ ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ದೇವಸ್ಥಾನದ ಕೆತ್ತನೆಗೆ ಅದು ವರದಾನ, ಕುಣಿಯುವ ಕಲಾವಿದನಿಗೆ ಅದರಿಂದ ಏನೂ ಆಗದು.

ಆದ್ದರಿಂದ ನನ್ನ ಸಲಹೆ, 16-50 ಇರುವ ಒಂದೇ ಲೆನ್ಸ್‌ನ ಕಿಟ್ ತೆಗೆದುಕೊಂಡು, ಎರಡನೆಯ ಲೆನ್ಸಿಗೆಂದು ಇಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ಬೆಳಕು ಹೆಚ್ಚು ಹಿಡಿಯುವ ಒಂದು ಪ್ರೈಮ್ ಲೆನ್ಸ್ (ಝೂಮ್ ಇಲ್ಲದ ಲೆನ್ಸ್) ಕೊಳ್ಳಿ. ಯಾವುದು ಎಂಬುದು ನೀವು ಕೂರುವ ಜಾಗವನ್ನು ಅವಲಂಬಿಸಿದೆ. ನಿಕಾನ್ 40 ಎಂಎಂ ಎಫ್/2 ಲೆನ್ಸ್ ಕೇವಲ 170 ಗ್ರಾಂ ತೂಗುತ್ತದೆ. ಹದಿನಾರು ಅಡಿ ದೂರದಿಂದ ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಸುಮಾರು ಒಂಬತ್ತೂವರೆ ಅಡಿ ಎತ್ತರದ ಚೌಕಟ್ಟು ಸಿಗುತ್ತದೆ, ಆದ್ದರಿಂದ ಕಿರೀಟವೂ ಗೆಜ್ಜೆಯೂ ಕತ್ತರಿಸದೆ ಇಡೀ ವೇಷ ಒಳಗೆ ಬಂದು, ನೆಗೆದಾಗಲೂ ಸ್ವಲ್ಪ ಜಾಗ ಉಳಿಯುತ್ತದೆ. ಇನ್ನೂ ಹಿಂದೆ ಕೂರುವವರಾದರೆ ಸಿಗ್ಮಾ 56 ಎಂಎಂ ಎಫ್/1.4 ಲೆನ್ಸ್ 2023ರಿಂದ ಝಡ್ ಮೌಂಟಿಗೂ, ಅಂದರೆ ನಿಮ್ಮ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜೋಡಣೆಗೂ, ದೊರೆಯುತ್ತಿದೆ. ಎರಡರಲ್ಲಿಯೂ ವಿಆರ್ ಇಲ್ಲ, ಈ ಬಾಡಿಯಲ್ಲಿಯೂ ಸೆನ್ಸರನ್ನು ಸ್ಥಿರಗೊಳಿಸುವ ವ್ಯವಸ್ಥೆ ಇಲ್ಲ. ಮೇಲೆ ಹೇಳಿದ ಕಾರಣಕ್ಕೆ ಆಟದ ಮಟ್ಟಿಗೆ ಅದು ಕೊರತೆಯಲ್ಲ.

ಬರಿಯ ಬಾಡಿ ಮಾತ್ರ ಕೊಳ್ಳಬೇಡಿ. ಸಮಾರಂಭದಲ್ಲಿ ಮಂಟಪದ ಸುತ್ತ ನಿಂತ ಇಡೀ ಕುಟುಂಬವನ್ನು ಹಿಡಿಯಲು 16 ಎಂಎಂ ಅಗಲ ಬೇಕೇ ಬೇಕು, ಮತ್ತು ಕಿಟ್‌ನಲ್ಲಿ ಬರುವಷ್ಟು ಕಡಿಮೆ ಬೆಲೆಗೆ ಅದು ಬೇರೆ ಕಡೆ ಸಿಗುವುದಿಲ್ಲ.

ಕಾಂಡ್ಲಾವನ:

ಚೌಕಿಮನೆಯವರು ರಂಗಸ್ಥಳದ ಬಗ್ಗೆ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ 50-250 ಲೆನ್ಸನ್ನು ಅಷ್ಟು ಸುಲಭವಾಗಿ ಬದಿಗಿಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಪ್ರಶ್ನೆ ಕೇಳಿದವರ ಪತ್ನಿಗೆ ಹಕ್ಕಿಗಳಲ್ಲಿ ಆಸಕ್ತಿ ಇದೆ ಎಂಬ ಮಾತು ಇಲ್ಲಿ ಹಿಂದೆ ಸರಿದಿದೆ.

ನಾನು ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಚಿತ್ರ ತೆಗೆಯುವವಳು. ಬಹುಪಾಲು ಇದೇ ಲೆನ್ಸಿನಲ್ಲಿ. ಈ ಕ್ಯಾಮೆರಾದ ಸೆನ್ಸರಿನ ಅಳತೆಗೆ 250 ಎಂಎಂ ಎಂದರೆ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಲೆಕ್ಕದಲ್ಲಿ 375 ಎಂಎಂ ಕೊಡುವ ನೋಟ. ಬಿಳಿಯೆದೆಯ ಮಿಂಚುಳ್ಳಿ ಸುಮಾರು 28 ಸೆಂಟಿಮೀಟರ್ ಉದ್ದದ ಹಕ್ಕಿ. ಅದು ಹತ್ತು ಮೀಟರ್ ದೂರದ ಕೊಂಬೆಯ ಮೇಲೆ ಅಡ್ಡಲಾಗಿ ಕುಳಿತರೆ ಚೌಕಟ್ಟಿನ ಅಗಲದ ಮೂರರಲ್ಲೊಂದು ಭಾಗಕ್ಕೆ ಸಮೀಪ ತುಂಬುತ್ತದೆ. ಬೆಳಗ್ಗೆ ಎಂಟು ಗಂಟೆಯ ಬಿಸಿಲಿನಲ್ಲಿ ಎಫ್/6.3 ಯಾವ ತೊಂದರೆಯನ್ನೂ ಕೊಡುವುದಿಲ್ಲ, ರೆಕ್ಕೆಯ ನೀಲಿಯೂ ಗರಿಯ ಅಂಚೂ ಸ್ಪಷ್ಟವಾಗಿ ಬರುತ್ತವೆ. ಮನೆಯ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುವವರಿಗೆ ಹತ್ತು ಮೀಟರ್ ದೂರದ ಮಿಂಚುಳ್ಳಿ ಅಪರೂಪವೇನಲ್ಲ. ಲೆನ್ಸ್ 405 ಗ್ರಾಂ ಇರುವುದರಿಂದ ಕೈ ಸೋಲುವುದಿಲ್ಲ. ಒಂದು ಗಂಟೆ ಹಿಡಿದು ಕೂರುವವರಿಗೆ ಇದು ಸಣ್ಣ ಸಂಗತಿಯಲ್ಲ.

ಮಿತಿಗಳನ್ನೂ ಹೇಳಬೇಕು. ಆಚೆ ದಡದ ಬೆಳ್ಳಕ್ಕಿ ಈ ಲೆನ್ಸಿನಲ್ಲಿ ಬಿಳಿಯ ಚುಕ್ಕೆಯೇ. ಸಂಜೆ ಮರಗಳ ನೆರಳಿನಲ್ಲಿ ಕುಳಿತ ಹಕ್ಕಿಗೂ ಇದು ಸಾಲದು. ಹಕ್ಕಿಯ ಹುಚ್ಚು ನಿಜವಾಗಿ ಹತ್ತಿದರೆ ಮುಂದೆ 180-600ರಂತಹ ಲೆನ್ಸ್ ಬೇಕೆನಿಸುತ್ತದೆ, ಅದು ಎರಡು ಕಿಲೋ ಸಮೀಪ ತೂಗುತ್ತದೆ, ಬೆಲೆಯೂ ನಿಮ್ಮ ಇಡೀ ಕಿಟ್‌ಗಿಂತ ಹೆಚ್ಚು. ಆ ದೊಡ್ಡ ಖರ್ಚಿಗೆ ಇಳಿಯುವ ಮೊದಲು ಆಸಕ್ತಿ ಎಷ್ಟು ಆಳವಾಗಿದೆ ಎಂದು ತಿಳಿಯಲು ಕಿಟ್‌ನಲ್ಲಿ ಸಿಗುವ 50-250ಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಗೊತ್ತಿಲ್ಲ. ಈ ನಿರ್ಧಾರದಲ್ಲಿ ದಯವಿಟ್ಟು ನಿಮ್ಮ ಪತ್ನಿಯವರನ್ನೇ ಕೇಳಿ, ಅವರು ಈ ಲೆನ್ಸನ್ನು ವಾರಕ್ಕೊಮ್ಮೆಯಾದರೂ ಕೈಗೆತ್ತಿಕೊಳ್ಳುವವರಾದರೆ ಕಿಟ್‌ನ ಬೆಲೆಯ ಲಾಭ ನಿಜವಾದ ಲಾಭ.

ಹೊಳೆಬದಿಯವ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಪರ್ಚರಿನ ಲೆಕ್ಕ ಈಗ ಅರ್ಥವಾಯಿತು. ಇನ್ನು ಎರಡು ಪ್ರಶ್ನೆಗಳಿವೆ. ಎರಡು ಲೆನ್ಸ್‌ಗಳ ಬದಲು 18-140 ಒಂದನ್ನೇ ಇಟ್ಟುಕೊಂಡು, ಉಳಿದ ಹಣವನ್ನು 40 ಎಂಎಂ ಲೆನ್ಸಿಗೆ ಹಾಕಬಹುದೇ? ಅಲ್ಲದೆ ನಮ್ಮ ಭಾವನವರ ಹಳೆಯ ನಿಕಾನ್ ಡಿಎಸ್‌ಎಲ್‌ಆರ್ ಕೆಟ್ಟಿದೆ, ಅದರ ಎಎಫ್-ಎಸ್ 35 ಎಂಎಂ ಎಫ್/1.8 ಲೆನ್ಸ್ ಚೆನ್ನಾಗಿದೆ, ಬೇಕಾದರೆ ತೆಗೆದುಕೊಂಡು ಹೋಗು ಎಂದಿದ್ದಾರೆ. ಅದು ಹೊಸ ಬಾಡಿಗೆ ಹೊಂದುತ್ತದೆಯೇ?

ರಿಪೇರಿ ಮೇಜು:

ಕ್ಯಾಮೆರಾ ಮತ್ತು ಲೆನ್ಸ್ ದುರಸ್ತಿ ನನ್ನ ವೃತ್ತಿ. ಹಳೆಯ ಲೆನ್ಸಿನಿಂದಲೇ ಆರಂಭಿಸುತ್ತೇನೆ. ಹಳೆಯ ಎಫ್ ಮೌಂಟ್ ಲೆನ್ಸ್ ನೇರವಾಗಿ ಕೂರುವುದಿಲ್ಲ, ನಡುವೆ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್ ಬೇಕು. ನಿಮ್ಮ ಭಾವನವರದು ಎಎಫ್-ಎಸ್ ಆಗಿರುವುದರಿಂದ ಫೋಕಸ್ ಮೋಟರ್ ಲೆನ್ಸಿನೊಳಗೇ ಇದೆ, ಆಟೋಫೋಕಸ್ ಸರಿಯಾಗಿ ಕೆಲಸ ಮಾಡುತ್ತದೆ. ಇನ್ನೂ ಹಳೆಯ, ಮೋಟರ್ ಇಲ್ಲದ ಎಎಫ್-ಡಿ ಲೆನ್ಸ್ ಆಗಿದ್ದರೆ ಈ ಅಡಾಪ್ಟರಿನಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತಿತ್ತು. ಆದರೆ ಅಡಾಪ್ಟರಿನ ಬೆಲೆಯನ್ನು ಮೊದಲು ವಿಚಾರಿಸಿ. ಹೊಸ 40 ಎಂಎಂ ಲೆನ್ಸಿನ ಬೆಲೆಗೂ ಅದಕ್ಕೂ ಹೆಚ್ಚಿನ ಅಂತರ ಇಲ್ಲದಿದ್ದರೆ ಹೊಸ ಲೆನ್ಸನ್ನೇ ಕೊಳ್ಳುವುದು ಮೇಲು.

18-140 ಪ್ರವಾಸಕ್ಕೆ ಅನುಕೂಲದ ಲೆನ್ಸ್, ಪದೇ ಪದೇ ಬದಲಿಸುವ ಕೆಲಸವಿರುವುದಿಲ್ಲ. ನಿಮ್ಮ ಮೂರು ಉದ್ದೇಶಗಳಲ್ಲಿ ಸಮಾರಂಭಕ್ಕೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ. ಹಕ್ಕಿಗೆ ಗಿಡ್ಡವಾಯಿತು, ಆಟಕ್ಕೆ ಅದೂ ಕಡೆಯಲ್ಲಿ ಎಫ್/6.3 ಲೆನ್ಸೇ.

ಕಿಟ್ ಕೊಳ್ಳುವಾಗ ಬಿಲ್ಲಿನ ಬಗ್ಗೆ ಎಚ್ಚರವಿರಲಿ. ಕೆಲವು ವ್ಯಾಪಾರಿಗಳು ಎರಡು ಲೆನ್ಸ್‌ಗಳ ಕಿಟ್ ಒಡೆದು, ಬಾಡಿಯನ್ನೊಬ್ಬರಿಗೆ, ಲೆನ್ಸ್‌ಗಳನ್ನು ಸಾದಾ ಬಿಳಿ ಪೆಟ್ಟಿಗೆಯಲ್ಲಿ ಇನ್ನೊಬ್ಬರಿಗೆ ಮಾರುತ್ತಾರೆ. ಅಂಥ ಲೆನ್ಸ್ ನಕಲಿಯಾಗಿರಬೇಕೆಂದಿಲ್ಲ, ಆದರೆ ವಾರಂಟಿಯ ಪ್ರಶ್ನೆ ಬಂದಾಗ ಕೈಯಲ್ಲಿ ಸರಿಯಾದ ಕಾಗದವಿಲ್ಲದೆ ನನ್ನ ಮೇಜಿನ ಮುಂದೆ ನಿಂತವರನ್ನು ನೋಡಿದ್ದೇನೆ. ಬಾಡಿಯ ಮತ್ತು ಪ್ರತಿಯೊಂದು ಲೆನ್ಸಿನ ಸೀರಿಯಲ್ ನಂಬರ್ ಜಿಎಸ್‌ಟಿ ಬಿಲ್ಲಿನಲ್ಲಿ ಇರಬೇಕು, ಅವು ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ಹೊಂದಬೇಕು, ಭಾರತದ ವಾರಂಟಿ ಕಾರ್ಡ್ ಒಳಗಿರಬೇಕು. ಬ್ಯಾಗು, ಟ್ರೈಪಾಡು, ಯುವಿ ಫಿಲ್ಟರು, ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಅಗಲ ನೋಟದ ಗಾಜು ಇವುಗಳನ್ನು ಸೇರಿಸಿ ಕಾಂಬೊ ಎಂದು ಕೊಟ್ಟರೆ, ಅವುಗಳ ಬದಲು ಬೆಲೆಯನ್ನೇ ಇಳಿಸಲು ಕೇಳಿ. ಆ ಗಾಜನ್ನು ಹಾಕಿದರೆ ಒಳ್ಳೆಯ ಲೆನ್ಸಿನ ಚಿತ್ರವೂ ಅಂಚಿನಲ್ಲಿ ಮಸುಕಾಗುತ್ತದೆ.

ಕರಾವಳಿಯವರಿಗೆ ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿರುವ ತೇವಕ್ಕೆ, ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿನ ಒಳಗಾಜಿನ ಮೇಲೆ ಬೂಸ್ಟು ಬೆಳೆಯುತ್ತದೆ. ಮೊದಲು ಅಂಚಿನಲ್ಲಿ ಬಿಳಿಯ ನೂಲಿನ ಎಳೆಗಳಂತೆ ಕಾಣಿಸಿಕೊಂಡು, ನಿಧಾನವಾಗಿ ನಡುವಿಗೆ ಹರಡಿ, ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ. ಆ ಹಂತ ದಾಟಿದ ಮೇಲೆ ಬಿಚ್ಚಿ ಒರೆಸಿದರೂ ಗುರುತು ಹೋಗುವುದಿಲ್ಲ. ನನ್ನಲ್ಲಿಗೆ ಹೀಗೆ ಬರುವ ಲೆನ್ಸ್‌ಗಳಲ್ಲಿ ಹೆಚ್ಚಿನವು ಕಿಟ್‌ನೊಂದಿಗೆ ಬಂದು, ಬಳಕೆಯಾಗದೆ ಉಳಿದ ಎರಡನೆಯ ಲೆನ್ಸ್‌ಗಳೇ. ಎರಡು ಲೆನ್ಸ್ ಕೊಳ್ಳುವುದಾದರೆ, ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಮತ್ತೆ ಮತ್ತೆ ಒಣಗಿಸಬಹುದಾದ ಸಿಲಿಕಾ ಜೆಲ್ ಹಾಗೂ ತೇವಾಂಶ ತೋರಿಸುವ ಸಣ್ಣ ಮೀಟರನ್ನು ಅದೇ ದಿನ ಕೊಂಡುಬಿಡಿ. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು.

ಹೊಳೆಬದಿಯವ:

ಪತ್ನಿಯನ್ನು ಅಂಗಡಿಗೆ ಕರೆದುಕೊಂಡು ಹೋಗಿ 50-250 ಲೆನ್ಸನ್ನು ಕೈಯಲ್ಲಿಟ್ಟೆ. ರಸ್ತೆಯಾಚೆಯ ತೆಂಗಿನ ಗರಿಯ ಮೇಲಿದ್ದ ಕಾಗೆಯನ್ನು ಬಹಳ ಹೊತ್ತು ನೋಡಿ, ಇದು ತನಗೆ ಬೇಕು ಎಂದು ಹೇಳಿದಳು. ಆದ್ದರಿಂದ ಎರಡು ಲೆನ್ಸ್‌ಗಳ ಕಿಟ್ ಎಂದು ತೀರ್ಮಾನಿಸಿದ್ದೇವೆ. ಅಡಾಪ್ಟರಿನ ಬೆಲೆ ಕೇಳಿದ ಮೇಲೆ ಭಾವನವರ ಲೆನ್ಸಿನ ಯೋಚನೆಯನ್ನು ಬಿಟ್ಟೆ. ಕಾಂಬೊ ಬೇಡವೆಂದಾಗ ಬೆಲೆ ಸ್ವಲ್ಪ ಇಳಿಯಿತು. 40 ಎಂಎಂ ಎಫ್/2 ಲೆನ್ಸನ್ನು ಎರಡು ತಿಂಗಳ ನಂತರ ಕೊಳ್ಳಬಹುದೇ, ಅಥವಾ ಈಗಲೇ ಬೇಕೇ?

ಚೌಕಿಮನೆ:

ಹಾಗಾದರೆ ಎರಡು ಲೆನ್ಸ್‌ಗಳ ಕಿಟ್ ಸರಿಯಾದ ಆಯ್ಕೆಯೇ, ನನ್ನ ತಕರಾರಿಲ್ಲ. ತಿರುಗಾಟ ಆರಂಭವಾಗುವುದಕ್ಕೆ ಎರಡು ತಿಂಗಳಿಗಿಂತ ಹೆಚ್ಚು ಸಮಯವಿದ್ದರೆ ತಡವಾದರೂ ಚಿಂತೆಯಿಲ್ಲ. ಆದರೆ ಮೊದಲ ಆಟಕ್ಕೆ ಹೋಗುವಾಗ 40 ಎಂಎಂ ನಿಮ್ಮ ಕ್ಯಾಮೆರಾದ ಮೇಲಿರಲಿ.

ಬಾಡಿ ಬಂದ ಕೂಡಲೇ ಕೆಲವು ಹೊಂದಾಣಿಕೆಗಳನ್ನು ಮಾಡಿಕೊಳ್ಳಿ. ಈಗ ಹೆಚ್ಚಿನ ರಂಗಸ್ಥಳಗಳಲ್ಲಿ ಎಲ್‌ಇಡಿ ದೀಪಗಳಿರುವುದರಿಂದ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದಲ್ಲಿ ಕಪ್ಪು ಅಡ್ಡಪಟ್ಟಿಗಳು ಬೀಳುತ್ತವೆ. ಮೆಕ್ಯಾನಿಕಲ್ ಶಟರನ್ನೇ ಇಟ್ಟುಕೊಂಡು ಫ್ಲಿಕರ್ ರಿಡಕ್ಷನ್ ಆಯ್ಕೆಯನ್ನು ಚಾಲೂ ಮಾಡಿ. ಹಿನ್ನೆಲೆ ಕತ್ತಲೆಯಾಗಿರುವಾಗ ಕ್ಯಾಮೆರಾ ತಾನಾಗಿ ಬೆಳಕನ್ನು ಹೆಚ್ಚಿಸಿ ಮುಖವನ್ನು ಬಿಳಿಚಿಸುತ್ತದೆ, ಅದಕ್ಕೆ ಅತಿ ಬೆಳಗಿದ ಭಾಗವನ್ನು ನೋಡಿ ಬೆಳಕು ಅಳೆಯುವ ಹೈಲೈಟ್ ಮೀಟರಿಂಗ್ ಒಳ್ಳೆಯದು. ರಾಕ್ಷಸ ಪಾತ್ರಗಳಾದ ಬಣ್ಣದ ವೇಷದ ಕೆಂಪು ಎಲ್‌ಇಡಿ ಬೆಳಕಿನಲ್ಲಿ ಬಹಳ ಬೇಗ ಉಕ್ಕಿ, ಅದರ ಮೇಲಿನ ಬಿಳಿ ಚುಟ್ಟಿಯ (ಅಕ್ಕಿಹಿಟ್ಟಿನ ಚುಕ್ಕೆಗಳ) ಅಂಚೇ ಕಾಣದಂತಾಗುತ್ತದೆ. ಆದ್ದರಿಂದ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆಯಿರಿ, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ನೋಡುವಾಗ ಕೆಂಪು ಬಣ್ಣದ ಗೆರೆಯನ್ನು ಬೇರೆಯಾಗಿ ಗಮನಿಸಿ. ಚೌಕಿಯಲ್ಲಿ ಕಲಾವಿದರು ಕನ್ನಡಿಯ ಮುಂದೆ ಬಲ್ಬು ಇಟ್ಟುಕೊಂಡಿರುತ್ತಾರೆ. ಆ ಬಲ್ಬು ನಿಮ್ಮ ಚೌಕಟ್ಟಿನೊಳಗೆ ಬಾರದಂತೆ ಒಂದು ಹೆಜ್ಜೆ ಪಕ್ಕಕ್ಕೆ ನಿಂತರೆ ಮುಖದ ಅರ್ಧಭಾಗದ ಮೇಲೆ ಬೀಳುವ ಬೆಳಕು ಎಫ್/2ಕ್ಕೆ ಧಾರಾಳವಾಗಿ ಸಾಕಾಗುತ್ತದೆ.