ಪದಚರ್ಚೆ: ‘ಇಂಪ್ರೆಷನ್’, ‘ಆರ್‌ಪಿಎಂ’, ‘ಮಾನಿಟೈಸೇಷನ್’ – ಅಂತರ್ಜಾಲ ಜಾಹೀರಾತಿನ ಲೆಕ್ಕಕ್ಕೆ ಕನ್ನಡ ಪದಗಳು

ಮಾನ್ಯರೇ,

ಜಾಲತಾಣ ನಡೆಸುವವರಿಗೆ, ವಿಡಿಯೊ ಮಾಡಿ ಹಾಕುವವರಿಗೆ ಜಾಹೀರಾತಿನಿಂದ ಹಣ ಬರುವುದು ಹೇಗೆ ಎಂದು ತಿಳಿಸುವ ಕೈಪಿಡಿಯೊಂದರ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಧ್ಯಾಯಕ್ಕೊಬ್ಬರು ಬರೆದಿದ್ದಾರೆ, ಹೀಗಾಗಿ ಪದಗಳೂ ಅಧ್ಯಾಯಕ್ಕೊಂದು. ‘ಇಂಪ್ರೆಷನ್’ ಎಂಬುದು ಒಬ್ಬರಲ್ಲಿ ‘ವೀಕ್ಷಣೆ’, ಇನ್ನೊಬ್ಬರಲ್ಲಿ ‘ಗೋಚರತೆ’, ಮತ್ತೊಬ್ಬರಲ್ಲಿ ‘ಅನಿಸಿಕೆ’. ನಿಘಂಟು ತೆರೆದು ಮೊದಲು ಸಿಕ್ಕ ಅರ್ಥವನ್ನು ಎತ್ತಿಕೊಂಡರೆ ಹೀಗಾಗುತ್ತದೆ. ‘ಸಾವಿರ ಅನಿಸಿಕೆಗಳಿಗೆ ಎರಡು ಡಾಲರ್’ ಎಂಬ ಸಾಲು ನಿಜವಾಗಿದ್ದರೆ ಈ ಬಳಗದವರೆಲ್ಲ ಇಷ್ಟು ಹೊತ್ತಿಗೆ ಕುಬೇರರಾಗಿರಬೇಕಿತ್ತು.

ನಗುವ ಮಾತು ಹಾಗಿರಲಿ. ಈ ವ್ಯವಹಾರದಲ್ಲಿ ಪದ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ಎಣಿಸುವುದು ಏನನ್ನು, ಕೊಡುವವರು ಯಾರು, ಯಾರ ಕೈಗೆ ಸೇರುವ ಮೊತ್ತ ಎಂಬುದನ್ನು ಓದುಗ ಪದದಿಂದಲೇ ತಿಳಿಯಬೇಕು. ನಾನು ಎಲ್ಲಿಯವರೆಗೆ ಬಂದಿದ್ದೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂಬುದನ್ನು ಮುಂದಿಡುತ್ತೇನೆ.

ಮೊದಲಿಗೆ ಇಂಪ್ರೆಷನ್. ಓದುಗ ಪುಟ ತೆರೆದಾಗ ಅಲ್ಲಿ ಮೀಸಲಿಟ್ಟ ಜಾಗಕ್ಕೆ ಜಾಹೀರಾತು ಬಂದು ಕುಳಿತರೆ ಒಂದು ಇಂಪ್ರೆಷನ್ ಆಯಿತು. ಅವನು ಅದನ್ನು ನೋಡಿದನೇ ಎಂಬುದು ಬೇರೆಯ ಪ್ರಶ್ನೆ. ಜಾಹೀರಾತು ಪುಟದ ಬುಡದಲ್ಲಿದ್ದು ಓದುಗ ಅರ್ಧದಲ್ಲೇ ಎದ್ದು ಹೋಗಿದ್ದರೆ ‘ವೀಕ್ಷಣೆ’ ಎನ್ನುವುದು ಸುಳ್ಳಾಗುತ್ತದೆ. ‘ತೋರಿಕೆ’ ಎನ್ನೋಣವೆಂದರೆ ‘ತೋರಿಕೆಯ ವಿನಯ’ ನೆನಪಾಗಿ ಇಡೀ ವ್ಯವಹಾರವೇ ಸೋಗಿನದು ಅನ್ನಿಸುತ್ತದೆ. ‘ದರ್ಶನ’ ಬೇಡವೇ ಬೇಡ. ‘ಕಾಣಿಕೆ’ ಒಂದು ಕ್ಷಣ ಆಸೆ ಹುಟ್ಟಿಸಿತು. ‘ಕಾಣು’ವಿನಿಂದ ಬಂದ ಪದ, ದುಡ್ಡಿನ ಸದ್ದೂ ಇದೆ. ಆದರೆ ಆ ಪದವನ್ನು ದೇವರ ಹುಂಡಿಯಿಂದ ಈಚೆಗೆ ತರುವುದು ಯಾರಿಂದಲೂ ಆಗದು.

ನನ್ನ ಒಲವು ‘ಪ್ರದರ್ಶನ’ದ ಕಡೆಗೆ. ಚಿತ್ರಮಂದಿರದಲ್ಲಿ ದಿನಕ್ಕೆ ನಾಲ್ಕು ಪ್ರದರ್ಶನ ಎಂದರೆ ಚಿತ್ರ ನಾಲ್ಕು ಸಲ ತೆರೆಯ ಮೇಲೆ ಓಡಿತು ಎಂದಷ್ಟೇ ಅರ್ಥ. ಕುರ್ಚಿಗಳು ತುಂಬಿದ್ದವೇ ಎಂಬ ಸುದ್ದಿ ಅದರಲ್ಲಿಲ್ಲ. ಇಲ್ಲಿಯೂ ಬೇಕಾದದ್ದು ಅಷ್ಟೇ ಅರ್ಥ. ಇದನ್ನು ಒಪ್ಪಿಕೊಂಡರೆ ಮುಂದಿನ ಪದವೂ ಸುಲಭವಾಗಿ ಸಿಗುತ್ತದೆ. ಜಾಹೀರಾತಿನ ಕನಿಷ್ಠ ಅರ್ಧದಷ್ಟು ಪಿಕ್ಸೆಲ್‌ಗಳು ಪರದೆಯ ಮೇಲೆ ಕನಿಷ್ಠ 1 ಸೆಕೆಂಡ್, ವಿಡಿಯೊ ಜಾಹೀರಾತಾದರೆ 2 ಸೆಕೆಂಡ್ ಇದ್ದರೆ ಮಾತ್ರ ಅದು ನೋಡಲು ಸಿಕ್ಕಿತು ಎಂದು ಈ ಉದ್ಯಮದ ಅಳತೆಗೋಲು ಹೇಳುತ್ತದೆ. ಅದನ್ನು ‘ಗೋಚರ ಪ್ರದರ್ಶನ’ ಎನ್ನಬಹುದು. ಒಂದು ತೊಡಕಿದೆ: ಪತ್ರಿಕೆಗಳ ಕ್ರೀಡಾಪುಟ ‘ಪ್ರದರ್ಶನ’ವನ್ನು ಸಾಧನೆಯ ಅರ್ಥದಲ್ಲಿ ಬಳಸಿ ಸವೆಸಿಬಿಟ್ಟಿದೆ. ‘ಜಾಹೀರಾತಿನ ಪ್ರದರ್ಶನ ಉತ್ತಮವಾಗಿದೆ’ ಎಂದು ಬರೆದರೆ ಹೆಚ್ಚು ಸಲ ಕಾಣಿಸಿತು ಎಂದೋ, ಹೆಚ್ಚು ಗಿರಾಕಿಗಳನ್ನು ತಂದಿತು ಎಂದೋ? ಇನ್ನೊಂದು ತೊಡಕನ್ನು ಯೂಟ್ಯೂಬ್ ತಂದಿಟ್ಟಿದೆ. ಅದರ ಅಂಕಿಅಂಶದ ಪುಟದಲ್ಲಿ ಇಂಪ್ರೆಷನ್ ಎಂದರೆ ವಿಡಿಯೊದ ಕಿರುಚಿತ್ರ, ಅಂದರೆ ಥಂಬ್‌ನೇಲ್, ಕಣ್ಣಿಗೆ ಬಿದ್ದ ಸಲ. ಅದಕ್ಕೂ ಜಾಹೀರಾತಿಗೂ ಸಂಬಂಧವಿಲ್ಲ, ಅದಕ್ಕೆ ಕಾಸೂ ಇಲ್ಲ. ಕೈಪಿಡಿಯಲ್ಲಿ ಎಲ್ಲ ಕಡೆಯೂ ‘ಜಾಹೀರಾತು ಪ್ರದರ್ಶನ’ ಎಂದು ಪೂರ್ತಿ ಬರೆಯುವುದೇ ಕ್ಷೇಮ ಎಂದುಕೊಂಡಿದ್ದೇನೆ.

‘ವೀಕ್ಷಣೆ’ಯನ್ನು ವಿಡಿಯೊದ ‘ವ್ಯೂ’ಗೆ ಬಿಟ್ಟುಕೊಡೋಣ. ಐದು ಸೆಕೆಂಡ್ ಕಳೆದ ಮೇಲೆ ದಾಟಿಸಬಹುದಾದ ಜಾಹೀರಾತುಗಳಲ್ಲಿ ಒಂದು ಬಗೆಯ ಕರಾರಿದೆ: ನೋಡುಗ 30 ಸೆಕೆಂಡ್, ಜಾಹೀರಾತು ಅದಕ್ಕಿಂತ ಚಿಕ್ಕದಾದರೆ ಕೊನೆಯವರೆಗೆ, ನೋಡಿದರೆ ಅಥವಾ ಅದರ ಮೇಲೆ ಒತ್ತಿದರೆ ಮಾತ್ರ ಜಾಹೀರಾತುದಾರ ಹಣ ಕೊಡುತ್ತಾನೆ. ಅಲ್ಲಿ ‘ವೀಕ್ಷಣೆ’ ತನ್ನ ಹೆಸರನ್ನು ಉಳಿಸಿಕೊಳ್ಳುತ್ತದೆ.

ಈಗ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿಗೆ ಬರೋಣ: ಸಿಪಿಎಂ (ಕಾಸ್ಟ್ ಪರ್ ಮಿಲ್ಲೆ) ಮತ್ತು ಆರ್‌ಪಿಎಂ (ರೆವೆನ್ಯೂ ಪರ್ ಮಿಲ್ಲೆ). ‘ಎಂ’ ಎರಡರಲ್ಲೂ ಲ್ಯಾಟಿನ್ನಿನ ‘ಮಿಲ್ಲೆ’, ಅಂದರೆ ಸಾವಿರ. ಕರಡಿನಲ್ಲಿ ಎರಡಕ್ಕೂ ‘ಸಾವಿರ ವೀಕ್ಷಣೆಗೆ ಸಿಗುವ ಹಣ’ ಎಂದೇ ಬರೆದಿದೆ. ಒಂದನೆಯದು ಸಿಗುವ ಹಣವೇ ಅಲ್ಲ, ಜಾಹೀರಾತುದಾರ ಕೊಡುವ ಹಣ. ಎಣಿಕೆಯೂ ಬೇರೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ವಿಡಿಯೊ ಒಂದಕ್ಕೆ 10,000 ವೀಕ್ಷಣೆ ಬಂದಿದೆ. ಎಲ್ಲ ವೀಕ್ಷಣೆಗೂ ಜಾಹೀರಾತು ಸಿಗುವುದಿಲ್ಲ. ಒಟ್ಟು 6,000 ಜಾಹೀರಾತು ಪ್ರದರ್ಶನಗಳಾದವು ಎನ್ನೋಣ. ಸಿಪಿಎಂ 5 ಡಾಲರ್ ಇದ್ದರೆ ಜಾಹೀರಾತುದಾರರು ತೆತ್ತದ್ದು 30 ಡಾಲರ್. ಯೂಟ್ಯೂಬ್‌ನ ದೀರ್ಘ ವಿಡಿಯೊಗಳಲ್ಲಿ ಮಾಡಿದವರ ಪಾಲು ಶೇ 55, ಅಂದರೆ 16.50 ಡಾಲರ್. ಇದನ್ನು ಪೂರ್ತಿ 10,000 ವೀಕ್ಷಣೆಗೆ ಹಂಚಿದರೆ ಸಾವಿರಕ್ಕೆ 1.65 ಡಾಲರ್, ಅದೇ ಆರ್‌ಪಿಎಂ. ಐದು ಎಲ್ಲಿ, ಒಂದೂವರೆ ಚಿಲ್ಲರೆ ಎಲ್ಲಿ! ಸಿಪಿಎಂ ನೋಡಿ ಸಾಲ ಮಾಡಿದವನ ಗತಿ ಹೇಳಬೇಕಾಗಿಲ್ಲ.

ಹಾಗಾಗಿ ಹಣ ಹರಿಯುವ ದಿಕ್ಕು ಪದದಲ್ಲೇ ಇರಲಿ ಎಂಬುದು ನನ್ನ ಹಟ. ಸಿಪಿಎಂಗೆ ‘ಸಾವಿರದ ದರ’, ಆರ್‌ಪಿಎಂಗೆ ‘ಸಾವಿರದ ಹುಟ್ಟುವಳಿ’. ದರ ಎಂದರೆ ಕೊಳ್ಳುವವನು ತೆರುವುದು, ಹುಟ್ಟುವಳಿ ಎಂದರೆ ಕೈಗೆ ಬಂದದ್ದು. ‘ಹುಟ್ಟುವಳಿ’ ಹಳೆಯ ಲೆಕ್ಕದ ಪುಸ್ತಕದ ವಾಸನೆ ಹೊಡೆಯುತ್ತದೆ ಎನ್ನುವವರಿಗೆ ‘ಗಳಿಕೆ’ ಇದೆ. ‘ಆದಾಯ’ವನ್ನು ಬೇಕೆಂದೇ ಬಿಟ್ಟಿದ್ದೇನೆ, ಜಾಹೀರಾತು ಕಂಪನಿಯ ಆದಾಯ, ತಾಣದವನ ಆದಾಯ ಎಂದು ಅದು ಎಲ್ಲರಿಗೂ ಹೊಂದಿಕೊಂಡುಬಿಡುತ್ತದೆ.

ಕ್ಲಿಕ್ ವಿಷಯದಲ್ಲಿ ಪದಕ್ಕಿಂತ ಸಂಗತಿ ಹಳತಾಗಿದೆ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ತಾಣದಲ್ಲಿ ಅಮೆರಿಕದ ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿಯ ಪಟ್ಟಿ (ಬ್ಯಾನರ್) ಜಾಹೀರಾತು ಕಾಣಿಸಿಕೊಂಡಾಗಲೂ ಅದು ‘ಇಲ್ಲಿ ಒತ್ತಿ’ ಎಂಬ ಬಗೆಯದೇ ಆಗಿತ್ತು. 1998ರಲ್ಲಿ ಗೋಟು ಎಂಬ ಹುಡುಕು ತಾಣ ಒತ್ತಿದರೆ ಮಾತ್ರ ಹಣ ಎಂಬ ಪದ್ಧತಿಯನ್ನು ಹರಾಜಿನೊಂದಿಗೆ ಬೆಸೆಯಿತು. 2003ರಲ್ಲಿ ಗೂಗಲ್ ಆ್ಯಡ್‌ಸೆನ್ಸ್ ಬಂದ ಮೇಲೆ ಸಣ್ಣ ತಾಣದವನೂ ಯಾವ ಜಾಹೀರಾತುದಾರನ ಮುಖವನ್ನೂ ನೋಡದೆ ಜಾಗ ಮಾರುವಂತಾಯಿತು. ಅಂದಿನಿಂದ ‘ಕ್ಲಿಕ್ಕಿಗೆ ಇಷ್ಟು’ ಎಂಬುದು ನಾಲಿಗೆಗೆ ಅಂಟಿಕೊಂಡಿದೆ. ಆದರೆ 2024ರ ಆರಂಭದಿಂದ ಆ್ಯಡ್‌ಸೆನ್ಸ್ ತಾಣದವರಿಗೆ ಪ್ರದರ್ಶನದ ಲೆಕ್ಕದಲ್ಲೇ ಹಣ ಕೊಡುತ್ತಿದೆ. ಜಾಹೀರಾತುದಾರರ ಪರವಾಗಿ ಜಾಗ ಕೊಳ್ಳುವ ವ್ಯವಸ್ಥೆ ತನ್ನ ಶುಲ್ಕ ಹಿಡಿದುಕೊಂಡ ಮೇಲೆ ಉಳಿದದ್ದರಲ್ಲಿ ಶೇ 80 ತಾಣದವರಿಗೆ. ಗೂಗಲ್ ಮೂಲಕವೇ ಕೊಂಡದ್ದಾದರೆ ಒಟ್ಟಿನಲ್ಲಿ ಮೊದಲಿನ ಶೇ 68ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಕರಡಿನಲ್ಲಿದ್ದ ‘ಓದುಗರು ಜಾಹೀರಾತನ್ನು ಕ್ಲಿಕ್ಕಿಸಿದಾಗಲೆಲ್ಲ ನಿಮಗೆ ಹಣ’ ಎಂಬ ಸಾಲನ್ನು ಹೊಡೆದುಹಾಕಿದೆ. ಆ ‘ಕ್ಲಿಕ್ಕಿಸು’ ಬಗ್ಗೆಯೂ ನನಗೆ ತಕರಾರಿದೆ: ಪತ್ರಿಕೆಗಳಲ್ಲಿ ಅದು ಫೋಟೊ ತೆಗೆಯುವುದಕ್ಕೆ ಮುಡಿಪಾದ ಕ್ರಿಯಾಪದ. ‘ಒತ್ತು’ ಸಾಲದೇ?

ಹರಾಜಿನ ಮಾತು ಬಂದಾಗ ಮಾತ್ರ ಕನ್ನಡ ಕೈಕೊಡುವುದಿಲ್ಲ. ಪುಟ ತೆರೆದುಕೊಳ್ಳುವ ಅರೆಗಳಿಗೆಯಲ್ಲಿ ಆ ಒಂದು ಜಾಗಕ್ಕೆ, ಆ ಒಬ್ಬ ಓದುಗನಿಗೆಂದು ಹರಾಜು ನಡೆದುಹೋಗುತ್ತದೆ. ಕೂಗುವವರೂ ಯಂತ್ರಗಳೇ, ಸುತ್ತಿಗೆ ಬಡಿಯುವುದೂ ಯಂತ್ರವೇ. ಅನುವಾದಕರು ‘ಬಿಡ್’ ಎಂಬುದನ್ನು ‘ಬಿಡ್’ ಎಂದೇ ಇಟ್ಟಿದ್ದಾರೆ. ‘ಸವಾಲು’ ಇರುವಾಗ ಇದೇಕೆ? ‘ಹೆಚ್ಚಿನ ಸವಾಲು ಕೂಗಿದವರಿಗೆ ಜಾಗ’ ಎಂದರೆ ಯಾರಿಗೂ ಟಿಪ್ಪಣಿ ಬೇಕಾಗದು. ಪಂಥಾಹ್ವಾನದ ಅರ್ಥ ಇತ್ತೀಚೆಗೆ ಅದನ್ನು ನುಂಗುತ್ತಿದೆ ಎಂಬುದು ನಿಜ. ‘ಸವಾಲುಗಳನ್ನು ಎದುರಿಸು’ ಎಂದು ಬರೆದು ಬರೆದು ಆ ಪದಕ್ಕೆ ಸುಸ್ತಾಗಿದೆ. ಆದರೂ ಹರಾಜಿನ ಪಕ್ಕದಲ್ಲಿ ನಿಂತರೆ ಅದು ತನ್ನ ಹಳೆಯ ಕಸುಬಿಗೆ ಮರಳುತ್ತದೆ.

‘ಮಾನಿಟೈಸೇಷನ್’ಗೆ ಕೆಲವರು ‘ನಗದೀಕರಣ’ ಎನ್ನುತ್ತಿದ್ದಾರೆ. ದಯವಿಟ್ಟು ಬೇಡ. ಕನ್ನಡದಲ್ಲಿ ರಜೆ ನಗದೀಕರಣ, ಚೆಕ್ ನಗದೀಕರಣ ಎಂದರೆ ಆಗಲೇ ಸಲ್ಲಬೇಕಾದ ಮೊತ್ತವನ್ನು ಕೈಗೆ ಪಡೆಯುವುದು. ವಿಡಿಯೊ ಮಾಡಿದವನಿಗೆ ಯಾರೂ ಏನೂ ಬಾಕಿ ಕೊಡಬೇಕಾಗಿಲ್ಲ. ಅವನು ಗಳಿಕೆಗೆ ದಾರಿ ತೆರೆಯುತ್ತಿದ್ದಾನೆ ಅಷ್ಟೇ. ‘ಹಣಗಳಿಕೆ’ ಸರಳವಾಗಿದೆ. ‘ನಿಮ್ಮ ಚಾನೆಲ್ ಹಣಗಳಿಕೆಗೆ ಅರ್ಹವಾಗಿದೆ’ ಎಂಬುದು ಓದಲು ಚೆನ್ನ.

ಅರ್ಹತೆಯ ಸಾಲಿನಲ್ಲೇ ಇನ್ನೊಂದು ವಿಚಿತ್ರ ಕೂತಿದೆ. ಯೂಟ್ಯೂಬ್‌ನಲ್ಲಿ ಜಾಹೀರಾತು ಪಾಲು ಸಿಗಲು 1,000 ಸಬ್‌ಸ್ಕ್ರೈಬರ್‌ಗಳು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಸಬ್‌ಸ್ಕ್ರೈಬರ್‌ಗೆ ನಾವು ಕಣ್ಣುಮುಚ್ಚಿ ‘ಚಂದಾದಾರ’ ಎನ್ನುತ್ತೇವೆ. ಚಂದಾ ಎಂದರೆ ದುಡ್ಡು. ಇವರು ಬಿಡಿಗಾಸೂ ಕೊಡದ ಚಂದಾದಾರರು. ನಿಜವಾಗಿ ತಿಂಗಳು ತಿಂಗಳು ಹಣ ಕಟ್ಟುವವರನ್ನು ‘ಸದಸ್ಯರು’ ಎಂದು ಕರೆಯುತ್ತಾರೆ. ಗಳಿಕೆಯನ್ನು ವಿವರಿಸುವ ಪುಸ್ತಕದಲ್ಲಿ ‘1,000 ಚಂದಾದಾರರು’ ಎಂದು ಓದಿದವನು ಚಂದಾ ಎಷ್ಟೆಂದು ಕೇಳಿದರೆ ತಪ್ಪು ಅವನದಲ್ಲ. ‘ಹಿಂಬಾಲಕರು’ ಎಂದರೆ ರಾಜಕೀಯದ ಗಾಳಿ. ಇದಕ್ಕೆ ನನ್ನಲ್ಲಿ ಪದವಿಲ್ಲ.

‘ಕ್ರಿಯೇಟರ್’ಗೆ ‘ಸೃಷ್ಟಿಕರ್ತ’ ಎಂದು ಬರೆದ ಪುಟದಲ್ಲಿ ‘ಸೃಷ್ಟಿಕರ್ತನಿಗೆ ಶೇ 55’ ಎಂದಿತ್ತು. ಬ್ರಹ್ಮನಿಗೆ ಪಾಲು ಕೊಟ್ಟವರು ಯಾರೋ! ‘ರಚನಾಕಾರ’ ಎಂದು ತಿದ್ದಿದ್ದೇನೆ. ಜಾಹೀರಾತು ಲೋಕದ ‘ಪಬ್ಲಿಷರ್’ ಅನ್ನು ‘ಪ್ರಕಾಶಕ’ ಎಂದರೆ ಪುಸ್ತಕದಂಗಡಿ ಕಣ್ಣಮುಂದೆ ಬರುತ್ತದೆ. ‘ತಾಣದ ಒಡೆಯ’ ಸಾಕು. ಮಾರಾಟವಾದರೆ ಕಮಿಷನ್ ಸಿಗುವ ‘ಅಫಿಲಿಯೇಟ್ ಲಿಂಕ್’ಗೆ ‘ಸಂಯೋಜಿತ ಕೊಂಡಿ’ ಎನ್ನುವುದು ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಹೊಂದುವ ಮಾತು. ‘ಕಮಿಷನ್ ಕೊಂಡಿ’ ಎಂದರೆ ಗುಟ್ಟೇನೂ ಉಳಿಯುವುದಿಲ್ಲ, ಬಹುಶಃ ಅದಕ್ಕೇ ಬಳಸುವವರಿಗೆ ಇಷ್ಟವಾಗಲಿಕ್ಕಿಲ್ಲ.

ಕೊನೆಗೆ ನಾನು ನಿಜಕ್ಕೂ ಸಿಕ್ಕಿಕೊಂಡಿರುವ ಜಾಗ. ತಿಂಗಳ ನಡುವೆ ತಾಣದ ಒಡೆಯನಿಗೆ ಕಾಣುವುದು ಅಂದಾಜು ಗಳಿಕೆ. ತನ್ನ ಜಾಹೀರಾತನ್ನು ತಾನೇ ಒತ್ತಿದ್ದು, ಯಂತ್ರಗಳು ತೆರೆದ ಪುಟಗಳು, ಬೆರಳು ತಪ್ಪಿ ಬಿದ್ದ ಒತ್ತುಗಳು ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಅಂತಿಮ ಗಳಿಕೆ. ಆ್ಯಡ್‌ಸೆನ್ಸ್‌ನ ಡಾಲರ್ ಖಾತೆಯಲ್ಲಿ ಅದು 100 ಡಾಲರ್ ಮುಟ್ಟಿದ ಮೇಲೆಯೇ ಹಣ ಬಿಡುಗಡೆ. ಹೀಗೆ ಕಳೆಯಲಾಗುವ ‘ಇನ್‌ವ್ಯಾಲಿಡ್ ಟ್ರಾಫಿಕ್’ಗೆ ಕರಡಿನಲ್ಲಿ ‘ಅಮಾನ್ಯ ದಟ್ಟಣೆ’ ಎಂದಿದೆ, ಪೊಲೀಸರು ದಂಡ ಹಾಕುವಂತೆ. ಮತ ಎಣಿಕೆಯಲ್ಲಿ ಪಳಗಿದ ‘ಅಸಿಂಧು’ ಇಲ್ಲಿಗೆ ಸರಿಯಾಗಿ ಕೂರುತ್ತದೆ: ಅಸಿಂಧು ಒತ್ತು, ಅಸಿಂಧು ಪ್ರದರ್ಶನ. ‘ಟ್ರಾಫಿಕ್’ಗೆ ‘ಭೇಟಿ’ ಎಂದರೆ ಯಂತ್ರಗಳ ಸುಳಿದಾಟವೂ ಭೇಟಿಯಾಗುತ್ತದೆಯೇ? ‘ಓಡಾಟ’, ‘ಬಂದುಹೋಗುವಿಕೆ’, ‘ಹೊಕ್ಕುಬಳಕೆ’ ಇವುಗಳಲ್ಲಿ ಯಾವುದನ್ನಾದರೂ ಬಳಸಿ ನೋಡಿದವರಿದ್ದರೆ, ಪದದೊಂದಿಗೆ ಒಂದೆರಡು ಪೂರ್ಣ ವಾಕ್ಯಗಳನ್ನೂ ಕೊಡಬೇಕೆಂದು ಕೋರುತ್ತೇನೆ. ಒಂಟಿ ಪದವಾಗಿ ಚೆನ್ನಾಗಿ ಕಂಡದ್ದು ವಾಕ್ಯದೊಳಗೆ ಬಂದಾಗ ಕಾಲು ಮುರಿದುಕೊಳ್ಳುವುದನ್ನು ಈ ಕರಡಿನಲ್ಲಿ ಸಾಕಷ್ಟು ನೋಡಿದ್ದೇನೆ.

ವಂದನೆಗಳು.