160 ದಿನಗಳ ಬಿಸಿಲು: ಮನೆಯ ಗುಂಪಿನಲ್ಲಿ ನಡೆದ ವಾದ

ಶ್ರೀಧರ (ಫೀನಿಕ್ಸ್) ಹಂಚಿಕೊಂಡ ಪಟ್ಟಿ:
ಸತತವಾಗಿ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37.8 ಡಿಗ್ರಿ ಸೆಲ್ಸಿಯಸ್, ಮುಟ್ಟಿದ ಅಥವಾ ದಾಟಿದ ದಿನಗಳು. ಮಾರ್ಬಲ್ ಬಾರ್, ಪಶ್ಚಿಮ ಆಸ್ಟ್ರೇಲಿಯಾ, 1923–24: 160. ಡೆತ್ ವ್ಯಾಲಿ, ಕ್ಯಾಲಿಫೋರ್ನಿಯಾ, 2001: 154. ಫೀನಿಕ್ಸ್, ಅರಿಜೋನಾ, 2024: 113. ಡಲ್ಲಾಸ್, ಟೆಕ್ಸಾಸ್, 1980: 42. ನಮ್ಮ ದೇಶದಲ್ಲಿ ಮಾತ್ರ ಎರಡೇ ದಿನಕ್ಕೆ ಬಿಸಿಗಾಳಿಯ ಘೋಷಣೆ!

ಶ್ರೀಧರ: ಕಲಬುರಗಿಯ ಬಿಸಿಲಿನ ಬಗ್ಗೆ ಪ್ರತಿ ಬೇಸಿಗೆಯಲ್ಲೂ ದೂರುವವರು ಇದನ್ನು ದಯವಿಟ್ಟು ಓದಬೇಕು. ನಾವು ಇಲ್ಲಿ ಮೇ 27ರಿಂದ ಸೆಪ್ಟೆಂಬರ್ 16ರವರೆಗೆ ಒಂದು ದಿನವೂ ಬಿಡುವಿಲ್ಲದೆ ಈ ಬಿಸಿಯಲ್ಲಿ ಇದ್ದೆವು.

ವಾಸುದೇವ ಚಿಕ್ಕಪ್ಪ (ಕಲಬುರಗಿ): ಶ್ರೀಧರ, ಪಟ್ಟಿಯ ಅಂಕಿಗಳಲ್ಲಿ ತಪ್ಪಿಲ್ಲ, ಆದರೆ ಅವು ಅಳೆಯುತ್ತಿರುವುದು ಬಿಸಿಲಿನ ಉಗ್ರತೆಯನ್ನಲ್ಲ. ಮಾರ್ಬಲ್ ಬಾರ್ ಸಮುದ್ರದಿಂದ ದೂರ, ಪಿಲ್ಬಾರಾ ಪ್ರದೇಶದ ಒಳನಾಡಿನಲ್ಲಿರುವ ಸಣ್ಣ ಊರು. ಅಲ್ಲಿ ಬೇಸಿಗೆಯ ದಿನವೊಂದು 37.8ಕ್ಕಿಂತ ಕೆಳಗಿಳಿಯಬೇಕಾದರೆ ಉತ್ತರದಿಂದ ಮಾನ್ಸೂನಿನ ತೇವ ಇಳಿದು ಬರಬೇಕು, ಇಲ್ಲವೇ ಚಂಡಮಾರುತದ ಮೋಡ ಕವಿಯಬೇಕು. 1923ರ ಅಕ್ಟೋಬರ್ 31ರಿಂದ 1924ರ ಏಪ್ರಿಲ್ 7ರವರೆಗೆ ಮಾನ್ಸೂನು ಉತ್ತರದಲ್ಲೇ ಉಳಿಯಿತು, ಚಂಡಮಾರುತವೂ ಆ ಕಡೆ ಸುಳಿಯಲಿಲ್ಲ, ಹಾಗಾಗಿ ಎಣಿಕೆ ಮುರಿಯಲಿಲ್ಲ. ಆ 160 ಎನ್ನುವುದು ಬರದೇ ಹೋದ ಮೋಡದ ಲೆಕ್ಕ.

ಶ್ರೀಧರ: ಮೋಡ ಬರದಿದ್ದರೆ ಬಿಸಿಲು ಹೆಚ್ಚು ಎಂದೇ ಅರ್ಥವಲ್ಲವೇ, ಚಿಕ್ಕಪ್ಪ? ಎರಡನ್ನೂ ಬೇರ್ಪಡಿಸುವುದು ಮೇಷ್ಟ್ರುಗಳ ವಾದದಂತೆ ಕಾಣುತ್ತದೆ.

ವಾಸುದೇವ ಚಿಕ್ಕಪ್ಪ: ಮೂವತ್ತು ವರ್ಷ ಭೂಗೋಳ ಕಲಿಸಿದವನು ಮೇಷ್ಟ್ರ ವಾದವನ್ನಲ್ಲದೆ ಇನ್ನೇನು ಮಂಡಿಸಲಿ? ಗೆರೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ನೋಡು. 120 ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ 48.9 ಸೆಲ್ಸಿಯಸನ್ನು, ಗೆರೆಯಾಗಿ ಇಟ್ಟರೆ ಡೆತ್ ವ್ಯಾಲಿಯಲ್ಲಿ 1917ರ ಬೇಸಿಗೆಯಲ್ಲಿ ಸತತ 43 ದಿನ ಸಿಗುತ್ತವೆ. ಮಾರ್ಬಲ್ ಬಾರಿನ ಆ ಇಡೀ ಸರಣಿಯಲ್ಲಿ ಅತಿ ಹೆಚ್ಚು ದಾಖಲಾದದ್ದು 47.5, ಆದ್ದರಿಂದ ಅದರ ಪಾಲಿಗೆ ಒಂದು ದಿನವೂ ಸಿಗುವುದಿಲ್ಲ. ಪಟ್ಟಿಯ ಮೊದಲ ಊರು ಪಟ್ಟಿಯಿಂದಲೇ ಮಾಯ. ನಿನ್ನ ಊರನ್ನೇ ತೆಗೆದುಕೊಂಡರೂ, 100ರ ಗೆರೆಗೆ 2024 ದಾಖಲೆಯ ವರ್ಷವಾದರೆ, 110ರ ಗೆರೆಗೆ 2023 ದಾಖಲೆಯ ವರ್ಷ. ಆಗ ಸತತ 31 ದಿನ. ಗೆರೆ ಬದಲಾದೊಡನೆ ಗೆದ್ದವರೂ ಬದಲಾಗುವ ಪಂದ್ಯದಲ್ಲಿ ಯಾರ ಬಿಸಿಲು ದೊಡ್ಡದೆಂದು ಹೇಗೆ ತೀರ್ಮಾನಿಸುತ್ತೀ? 100 ಎಂಬುದು ದುಂಡಗಿನ ಸಂಖ್ಯೆ ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಮಹತ್ವವಿಲ್ಲ. ಸೆಲ್ಸಿಯಸ್ ಬಳಸುವ ಜಪಾನಿನವರು 35ರ ಗೆರೆ ಇಟ್ಟು ಎಣಿಸುತ್ತಾರೆ, 2024ರಲ್ಲಿ ಅಲ್ಲಿನ ದಝೈಫು ಪಟ್ಟಣ ಸತತ 40 ದಿನಗಳ ದಾಖಲೆ ಮಾಡಿತು.

ಸುಮಿತ್ರಾ ಅತ್ತೆ (ಮಂಗಳೂರು): ನಿಮ್ಮಿಬ್ಬರ ಪಟ್ಟಿಯಲ್ಲೂ ನಮ್ಮ ಊರಿಗೆ ಜಾಗವಿಲ್ಲ. ಇಲ್ಲಿ 34 ಡಿಗ್ರಿಯೆಂದರೆ ಬೆವರು ಆರುವುದೇ ಇಲ್ಲ, ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಕಲಬುರಗಿಯಲ್ಲಿ ಕೂಲರ್‌ಗೆ ನೀರು ತುಂಬಿಸಿದರೆ ಕೋಣೆ ತಣ್ಣಗಾಗುತ್ತದೆ, ಅದೇ ಕೂಲರನ್ನು ಇಲ್ಲಿ ಹಚ್ಚಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಥರ್ಮಾಮೀಟರಿನ ಒಂದೇ ಗೆರೆಯಿಂದ ಮರುಭೂಮಿಯನ್ನೂ ಕರಾವಳಿಯನ್ನೂ ಅಳೆಯುವುದು ಯಾವ ನ್ಯಾಯ?

ಡಾ. ಅನಿತಾ (ಮೈಸೂರು): ಅತ್ತೆ ಹೇಳಿದ್ದನ್ನೇ ವೈದ್ಯರ ಕಡೆಯಿಂದ ಹೇಳುತ್ತೇನೆ, ಶ್ರೀಧರಣ್ಣ. 1995ರ ಜುಲೈನಲ್ಲಿ ಷಿಕಾಗೋ ನಗರದಲ್ಲಿ ಬಿಸಿಯ ಅಲೆ ಇದ್ದದ್ದು ಸುಮಾರು ಐದು ದಿನ. ನಿಮ್ಮ ಪಟ್ಟಿಯ ಬಾಗಿಲಿಗೂ ಅದು ಬರಲಾರದು. ಆದರೆ ಆ ಐದು ದಿನಗಳಲ್ಲಿ ಏಳುನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಬಹಳ ಮಂದಿ ಒಂಟಿಯಾಗಿ, ಗಾಳಿಯಾಡದ ಕೋಣೆಗಳಲ್ಲಿದ್ದ ವೃದ್ಧರು. ಗಾಳಿಯಲ್ಲಿ ತೇವವಿತ್ತು, ರಾತ್ರಿ ತಂಪಾಗಲಿಲ್ಲ, ಊರಿಗೆ ಅಂತಹ ಬಿಸಿಯ ಅಭ್ಯಾಸವೂ ಇರಲಿಲ್ಲ. ಹಗಲಿನಲ್ಲಿ ಕಾದ ದೇಹ ಚೇತರಿಸಿಕೊಳ್ಳುವುದು ರಾತ್ರಿಯಲ್ಲಿ, ಆದ್ದರಿಂದ ಗರಿಷ್ಠ ತಾಪಮಾನವನ್ನಷ್ಟೇ ಎಣಿಸುವ ಯಾವ ದಾಖಲೆಯೂ ನನಗೆ ಅರ್ಧ ಕೇಸ್ ಷೀಟಿನ ಹಾಗೆ.

ಶ್ರೀಧರ: ರಾತ್ರಿಯ ಲೆಕ್ಕ ಬೇಕಾದರೆ ಅದನ್ನೂ ಕೊಡುತ್ತೇನೆ. 2023ರ ಜುಲೈನಲ್ಲಿ ಇಲ್ಲಿ ಸತತ 16 ರಾತ್ರಿಗಳು 90 ಫ್ಯಾರನ್‌ಹೀಟಿಗಿಂತ, ಅಂದರೆ 32 ಸೆಲ್ಸಿಯಸಿಗಿಂತ, ಕೆಳಗಿಳಿಯಲಿಲ್ಲ. ಆ ವರ್ಷ ನಮ್ಮ ಮಾರಿಕೋಪ ಕೌಂಟಿಯಲ್ಲಿ ಬಿಸಿಗೆ ಸಂಬಂಧಿಸಿದ ಸಾವುಗಳು 645. ಮನೆಮನೆಗೂ ಎಸಿ ಇರುವ ಊರಿದು, ಅನಿತಾ. ಸತತ ದಿನಗಳ ಎಣಿಕೆಗೆ ಬೆಲೆಯೇ ಇಲ್ಲ ಎಂದರೆ ನಾನು ಒಪ್ಪಲಾರೆ. ಇಲ್ಲಿ 110ರ ಹಳೆಯ ದಾಖಲೆ 1974ರಲ್ಲಿ 18 ದಿನ, 2023ರಲ್ಲಿ ಅದು 31; 100ರ ಹಳೆಯ ದಾಖಲೆ 1993ರಲ್ಲಿ 76 ದಿನ, 2024ರಲ್ಲಿ ಅದು 113. ಒಂದೆರಡು ದಿನಗಳ ಅಂತರದಿಂದ ಮುರಿದ ದಾಖಲೆಗಳಲ್ಲ ಇವು. ಇಷ್ಟು ದೊಡ್ಡ ಜಿಗಿತಕ್ಕೂ ಅರ್ಥವಿಲ್ಲವೇ?

ವಾಸುದೇವ ಚಿಕ್ಕಪ್ಪ: ಈಗ ನೀನು ಒಂದು ಊರನ್ನು ಅದೇ ಊರಿನ ಹಳೆಯ ಕಾಲದೊಂದಿಗೆ ಹೋಲಿಸಿದೆ. ಅದಕ್ಕೆ ಖಂಡಿತ ಅರ್ಥವಿದೆ, ಡಾಂಬರು ಮತ್ತು ಕಾಂಕ್ರೀಟು ಹರಡಿದ್ದರ ಪಾಲೆಷ್ಟು, ಮಳೆಗಾಲ ಕೈಕೊಟ್ಟದ್ದರ ಪಾಲೆಷ್ಟು, ಭೂಮಿಯೇ ಬಿಸಿಯಾಗುತ್ತಿರುವುದರ ಪಾಲೆಷ್ಟು ಎಂದು ಕೇಳಲು ಅಲ್ಲಿಂದಲೇ ಆರಂಭಿಸಬಹುದು. ನಾನು ಒಪ್ಪದಿರುವುದು ಊರಿಂದೂರಿಗೆ ಪಂದ್ಯ ಹಚ್ಚುವುದನ್ನು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಹೊಸದಲ್ಲ. ಆದರೆ ಒಂದು ಸಂಜೆ ಗುಡುಗಿ ಭರಣಿ ಮಳೆ ಹೊಯ್ದರೆ ಸಾಕು, ಮರುದಿನದ ಬಿಸಿಲಿನ ಒಂದು ಪಾಲು ನೆಲದ ತೇವವನ್ನು ಆರಿಸುವುದಕ್ಕೇ ಖರ್ಚಾಗಿ ತಾಪ ಇಳಿಯುತ್ತದೆ, ನಿನ್ನ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಅದರ ಹಿಂದಿನ ಹದಿನೈದು ದಿನ ಹೊಲದಲ್ಲಿ ದುಡಿದವನ ಬವಣೆ ಆ ಸೊನ್ನೆಯಲ್ಲಿ ಕಾಣುವುದಿಲ್ಲ.

ಇನ್ನು ಪಟ್ಟಿಯ ಕೊನೆಯ ಸಾಲು. ಅದು ಅಂಕಿಯಲ್ಲ, ಕುಹಕ. ಹವಾಮಾನ ಇಲಾಖೆ ಬಯಲುಸೀಮೆಗೆ 40, ಕರಾವಳಿಗೆ 37, ಗುಡ್ಡಗಾಡಿಗೆ 30 ಎಂದು ಬೇರೆ ಬೇರೆ ಗೆರೆ ಇಟ್ಟು, ಅದರ ಮೇಲೆ ಆ ಜಾಗದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದೆಯೇ ಎಂದು ನೋಡುತ್ತದೆ; 45 ದಾಟಿದರೆ ವಾಡಿಕೆಯನ್ನು ಕೇಳುವುದಿಲ್ಲ. ಒಂದು ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಹೀಗಾದರೆ ಎರಡನೆಯ ದಿನ ಘೋಷಣೆ. ಅಂದರೆ ಸುಮಿತ್ರಾ ಕೇಳಿದ ನ್ಯಾಯ ಆ ನಿಯಮದಲ್ಲಿ ಸ್ವಲ್ಪಮಟ್ಟಿಗಾದರೂ ಇದೆ. ದಾಖಲೆಯನ್ನು ಬೇಸಿಗೆ ಮುಗಿದ ಮೇಲೆ ಬರೆಯಬಹುದು, ಎಚ್ಚರಿಕೆಗೆ 160 ದಿನ ಕಾಯಲಾಗದು.

ಸುಮಿತ್ರಾ ಅತ್ತೆ: ಸ್ವಲ್ಪಮಟ್ಟಿಗೆ ಎನ್ನುವುದನ್ನು ಒತ್ತಿ ಹೇಳು, ವಾಸು. ಗೆರೆಯನ್ನು ಮೂರು ಡಿಗ್ರಿ ಇಳಿಸಿದ ಮಾತ್ರಕ್ಕೆ ನಮ್ಮ ತೇವಾಂಶ ಲೆಕ್ಕಕ್ಕೆ ಬಂದಂತಾಗಲಿಲ್ಲ.

ಶ್ರೀಧರ: ಕೊನೆಯ ಸಾಲನ್ನು ತೆಗೆದು ಪಟ್ಟಿಯನ್ನು ಮತ್ತೆ ಹಾಕುತ್ತೇನೆ, ಆದರೆ 160ನ್ನು ಬಿಡುವುದಿಲ್ಲ. ಫ್ಯಾನೂ ಇಲ್ಲದ ಕಾಲದಲ್ಲಿ ಐದು ತಿಂಗಳು ಹಾಗೆ ಬದುಕಿದವರಿಗೆ ಅಷ್ಟಾದರೂ ಸಲ್ಲಬೇಕು.

ಡಾ. ಅನಿತಾ: ಹಾಕಿ, ಅಣ್ಣ. ಪ್ರತಿ ಊರಿನ ಮುಂದೆಯೂ ಆ ದಿನಗಳ ರಾತ್ರಿಯ ಕನಿಷ್ಠ ತಾಪಮಾನ ಮತ್ತು ಆರ್ದ್ರತೆಗೆ ಎರಡು ಕಾಲಂ ಬಿಟ್ಟು ಹಾಕಿ.